ಡಿಸೆಂಬರ್ ಉಲ್ಕಾವೃಷ್ಟಿ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬಯಲಲ್ಲಿ ಮಲಗಿ ನೋಡುವ ಬಗೆ

ಉಲ್ಕೆ ನೋಡೋಕೆ ದುರ್ಬೀನು ಬೇಡ, ಟೆಲಿಸ್ಕೋಪ್ ಬೇಡ, ಬೆಟ್ಟ ಹತ್ತುವುದಂತೂ ಬೇಡವೇ ಬೇಡ. ಬೇಕಾದದ್ದು ಚಂದ್ರನಿಲ್ಲದ ರಾತ್ರಿ, ಬೆಂಗಳೂರಿನ ಬೆಳಕಿಗೆ ಬೆನ್ನು ಹಾಕಬಹುದಾದ ಒಂದು ಬಯಲು, ಮಲಗೋಕೆ ಬೆಚ್ಚಗಿನ ಹಾಸು, ಎರಡು ಮೂರು ಗಂಟೆ ಫೋನ್ ಮುಟ್ಟದೆ ಇರುವ ತಾಳ್ಮೆ. ಇದರಲ್ಲಿ ಒಂದು ತಪ್ಪಿದರೂ "ನೂರಾರು ಬೀಳುತ್ತೆ ಅಂತ ಟಿವಿಯಲ್ಲಿ ಹೇಳಿದ್ರು, ನಾಲ್ಕೂ ಕಾಣ್ಲಿಲ್ಲ" ಎಂದು ಗೊಣಗಿಕೊಂಡು ವಾಪಸ್ ಬರಬೇಕಾಗುತ್ತೆ.

ನಮ್ಮ ಮೂರು ಜಿಲ್ಲೆಯವರಿಗೆ ಬೇಕಾದ ಹಾಗೆ, ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

1. ಯಾವ ಉಲ್ಕಾವೃಷ್ಟಿಗೆ ಹೋಗಬೇಕು

ವರ್ಷಕ್ಕೆ ಹೆಸರಿರುವ ಉಲ್ಕಾವೃಷ್ಟಿಗಳು ಹತ್ತಾರಿವೆ. ಪತ್ರಿಕೆಗಳಲ್ಲಿ ಹೆಚ್ಚು ಸದ್ದು ಮಾಡುವುದು ಆಗಸ್ಟ್ 12-13ರ ಪರ್ಸೀಡ್ಸ್. ಅದು ಯುರೋಪು, ಅಮೆರಿಕದವರಿಗೆ ಬೇಸಿಗೆ ಹಬ್ಬ. ನಮಗೆ ಆಗ ಮುಂಗಾರಿನ ಮೋಡ. 2026ರಲ್ಲಿ ಆಗಸ್ಟ್ 12ಕ್ಕೇ ಅಮಾವಾಸ್ಯೆ ಬಿದ್ದಿದೆ, ಆಕಾಶ ಕಪ್ಪಗಿರುತ್ತೆ ನಿಜ, ಆದರೆ ಮೋಡದ ಆಚೆಗೆ.

ನಮ್ಮ ಕಡೆಗೆ ಹೇಳಿ ಮಾಡಿಸಿದ್ದು ಡಿಸೆಂಬರ್ 13-14ರ ಜೆಮಿನಿಡ್ಸ್. ಮಳೆ ಮುಗಿದಿರುತ್ತೆ, ರಾತ್ರಿ ದೊಡ್ಡದು, ರಾಗಿ ಕೊಯ್ಲಾಗಿ ಹೊಲ ಖಾಲಿ. ಮುಖ್ಯವಾಗಿ, ಉಳಿದ ಎಷ್ಟೋ ಉಲ್ಕಾವೃಷ್ಟಿಗಳಿಗೆ ಬೆಳಗಿನ ಜಾವದವರೆಗೆ ಕಾಯಬೇಕು. ಇದು ರಾತ್ರಿ ಒಂಬತ್ತು ಹತ್ತಕ್ಕೇ ಶುರುವಾಗುತ್ತೆ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು.

ಇನ್ನೊಂದು ವಿಶೇಷವಿದೆ. ಹೆಚ್ಚಿನ ಉಲ್ಕಾವೃಷ್ಟಿಗಳು ಧೂಮಕೇತು ಉದುರಿಸಿಹೋದ ಧೂಳಿನಿಂದ ಆಗುವಂಥವು. ಜೆಮಿನಿಡ್ಸ್‌ನ ಮೂಲ ಮಾತ್ರ ಫೇಥಾನ್ ಎಂಬ ಕ್ಷುದ್ರಗ್ರಹ. 1983ರಲ್ಲಿ ಐರಾಸ್ ಉಪಗ್ರಹದ ಚಿತ್ರಗಳಲ್ಲಿ ಸಿಕ್ಕಿದ್ದು, ಐದಾರು ಕಿಲೋಮೀಟರ್ ಅಗಲದ ಕಲ್ಲು. ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತಾ ಬುಧನಿಗಿಂತಲೂ ಒಳಗೆ ಹೋಗಿ ಕಾದು ಬರುತ್ತೆ. ಅದರಿಂದ ಕಳಚಿದ, ರಾಗಿ ಕಾಳಿನಷ್ಟೋ ಇನ್ನೂ ಸಣ್ಣದೋ ಆದ ಕಣಗಳು ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ನುಗ್ಗಿ, ನೆಲದಿಂದ ನೂರು ಕಿಲೋಮೀಟರ್ ಆಸುಪಾಸಿನ ಎತ್ತರದಲ್ಲೇ ಉರಿದುಹೋಗುತ್ತವೆ. ಉಲ್ಕೆಗಳ ಲೆಕ್ಕದಲ್ಲಿ ಇದು ನಿಧಾನ. ನವೆಂಬರಿನ ಲಿಯೊನಿಡ್ಸ್ ವೇಗ 71 ಕಿಲೋಮೀಟರ್. ನಿಧಾನವಾಗಿ ಬರುವುದರಿಂದಲೇ "ಅಲ್ನೋಡು" ಅಂದಾಗ ಪಕ್ಕದವರೂ ಕತ್ತು ತಿರುಗಿಸಿ ನೋಡುವಷ್ಟು ಸಮಯ ಕೆಲವೊಮ್ಮೆ ಸಿಗುತ್ತೆ.

2. ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಿ

ಇದಕ್ಕೆ ಆ್ಯಪ್ ಬೇಕಿಲ್ಲ. ಮನೆಯ ಗೋಡೆಯಲ್ಲಿ ನೇತಾಡುವ ಪಂಚಾಂಗದ ಕ್ಯಾಲೆಂಡರ್ ಸಾಕು. ಡಿಸೆಂಬರ್ 13ರ ಚೌಕದಲ್ಲಿ ತಿಥಿ ಯಾವುದಿದೆ ನೋಡಿ. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಯೊಳಗಿದ್ದರೆ ಚಂದ್ರ ಮಧ್ಯರಾತ್ರಿಯ ಹೊತ್ತಿಗೆ ಮುಳುಗುತ್ತಾನೆ, ಆಮೇಲೆ ಆಕಾಶ ನಿಮ್ಮದು. ಕೃಷ್ಣಪಕ್ಷದ ಅಷ್ಟಮಿ ದಾಟಿದ್ದರೆ ಚಂದ್ರ ಹುಟ್ಟುವುದೇ ಮಧ್ಯರಾತ್ರಿಯ ನಂತರ, ಅಷ್ಟರೊಳಗೆ ನೋಡಿ ಮುಗಿಸಬೇಕು. ಏಕಾದಶಿಯಿಂದ ಹುಣ್ಣಿಮೆ ದಾಟಿ ನಾಲ್ಕೈದು ದಿನದವರೆಗೆ ಬಂದರೆ ದೊಡ್ಡ ಉಲ್ಕೆಗಳಷ್ಟೇ ಕಾಣುವುದು, ದೂರ ಹೋಗುವ ಶ್ರಮ ದಂಡ.

2026ರಲ್ಲಿ ಡಿಸೆಂಬರ್ 9ಕ್ಕೆ ಅಮಾವಾಸ್ಯೆ. 13ರ ರಾತ್ರಿ ಪಂಚಮಿಯ ಎಳೆ ಚಂದ್ರ, ಹತ್ತು ಗಂಟೆ ಸುಮಾರಿಗೆಲ್ಲ ಪಶ್ಚಿಮದಲ್ಲಿ ಇಳಿದುಹೋಗಿರುತ್ತಾನೆ. 14ರ ರಾತ್ರಿ ಇನ್ನೊಂದು ಮುಕ್ಕಾಲು ಗಂಟೆ ತಡ, ಅಷ್ಟೆ. ಎರಡೂ ರಾತ್ರಿ ಚೆನ್ನಾಗಿವೆ.

3. ಜಾಗ: ಬೆಂಗಳೂರು ಯಾವ ದಿಕ್ಕಿಗಿದೆ ಎಂಬುದೇ ಪ್ರಶ್ನೆ

ರಾತ್ರಿ ಊರಾಚೆ ನಿಂತು ಸುತ್ತ ನೋಡಿ. ಒಂದು ಕಡೆ ದಿಗಂತದಲ್ಲಿ ಬೂದು-ಕಿತ್ತಳೆ ಬಣ್ಣದ ಬೆಳಕು ಏರಿರುತ್ತೆ. ಅದು ಬೆಂಗಳೂರು. ತುಮಕೂರಿನಿಂದ ಅದು ಆಗ್ನೇಯಕ್ಕೆ, ಚಿಕ್ಕಬಳ್ಳಾಪುರದಿಂದ ದಕ್ಷಿಣಕ್ಕೆ, ಕೋಲಾರದಿಂದ ಪಶ್ಚಿಮಕ್ಕೆ. ಜೆಮಿನಿಡ್ಸ್ ಹೊರಡುವ ಬಿಂದು ಈಶಾನ್ಯದಲ್ಲಿ ಹುಟ್ಟಿ, ನಡುರಾತ್ರಿ ದಾಟಿದ ಮೇಲೆ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ ಬರುತ್ತೆ. ಅಂದರೆ ಮೂರೂ ಜಿಲ್ಲೆಯವರಿಗೆ ಬೆಂಗಳೂರನ್ನು ಬೆನ್ನಿಗೆ ಹಾಕಿಕೊಂಡೇ ಇದನ್ನು ನೋಡುವ ಅದೃಷ್ಟವಿದೆ. ಹಾಗಾಗಿ ನಿಮ್ಮ ಜಿಲ್ಲೆಯ ಉತ್ತರದ, ಇಲ್ಲವೇ ಪೂರ್ವದ ತಾಲ್ಲೂಕಿಗೆ ಹೋಗಿ.

ತುಮಕೂರಿನವರು ಮಧುಗಿರಿ ದಾಟಿ ಪಾವಗಡದ ಕಡೆ, ಇಲ್ಲ ಶಿರಾದಾಚೆ ಹೋಗಬಹುದು. ಪಾವಗಡದ ಒಣ ಹವೆ, ಮರವಿಲ್ಲದ ಬಯಲು, ದಿಗಂತದವರೆಗೆ ಕಾಣುವ ಆಕಾಶ ಇದಕ್ಕೆಂದೇ ಇದ್ದ ಹಾಗಿದೆ. ತಿರುಮಣಿ ಕಡೆಯ ಸೋಲಾರ್ ಪಾರ್ಕಿನ ಸಬ್‌ಸ್ಟೇಷನ್ ದೀಪಗಳಿಂದ ಮಾತ್ರ ದೂರವಿರಿ. ಶಿರಾ ಹೈವೇಯಲ್ಲಿ ಹೋಗುವವರು ವಸಂತನರಸಾಪುರದ ಕೈಗಾರಿಕಾ ಪ್ರದೇಶ ದಾಟುವವರೆಗೆ ಗಾಡಿ ನಿಲ್ಲಿಸುವುದೇ ಬೇಡ. ಚಿಕ್ಕಬಳ್ಳಾಪುರದವರಿಗೆ ಗುಡಿಬಂಡೆ, ಬಾಗೇಪಲ್ಲಿ, ಚೇಳೂರು ಕಡೆ. ಕೋಲಾರದವರಿಗೆ ಶ್ರೀನಿವಾಸಪುರ, ಮುಳಬಾಗಿಲು ಕಡೆ. ಬಂಗಾರಪೇಟೆಯ ಕಾಮಸಮುದ್ರದ ಸುತ್ತ ಕತ್ತಲು ಚೆನ್ನಾಗಿದ್ದರೂ ಆನೆ ಓಡಾಡುವ ಜಾಗ, ರಾತ್ರಿ ನೆಲದ ಮೇಲೆ ಮಲಗೋ ಆಲೋಚನೆ ಬಿಡಿ.

ನಂದಿಬೆಟ್ಟ ಯಾಕಲ್ಲ ಎಂದು ಎಲ್ಲರೂ ಕೇಳುತ್ತಾರೆ. 1,478 ಮೀಟರ್ ಎತ್ತರವೇನೋ ಇದೆ. ಆದರೆ ರಾತ್ರಿ ಸಾರ್ವಜನಿಕರನ್ನು ಬಿಡುವುದಿಲ್ಲ, ಬಿಟ್ಟಿದ್ದರೂ ದೇವನಹಳ್ಳಿ ವಿಮಾನ ನಿಲ್ದಾಣ, ಬೆಂಗಳೂರು ಎರಡೂ ಕಣ್ಣಿಗೆ ರಾಚುತ್ತಿದ್ದವು. ಸ್ಕಂದಗಿರಿಯಲ್ಲಿ ರಾತ್ರಿ ಚಾರಣಕ್ಕೆ ನಿಷೇಧವಿದೆ. ದೇವರಾಯನದುರ್ಗ ಕಾಡು, ಚಿರತೆ ಕರಡಿ ಎರಡೂ ಇವೆ, ಕೆಳಗೆ ತುಮಕೂರಿನ ದೀಪ ಬೇರೆ. ಉಲ್ಕೆಗೆ ಎತ್ತರದಿಂದ ಲಾಭವಿಲ್ಲ. ನೂರು ಕಿಲೋಮೀಟರ್ ಮೇಲೆ ಉರಿಯುವುದನ್ನು ನೋಡೋಕೆ ಒಂದು ಕಿಲೋಮೀಟರ್ ಹತ್ತಿ ಏನು ಮಾಡುತ್ತೀರಿ? ಗೌರಿಬಿದನೂರಿನಲ್ಲಿ ಟೆಲಿಸ್ಕೋಪ್ ಇದೆಯಲ್ಲ ಎನ್ನುವವರೂ ಇದ್ದಾರೆ. 1976ರಿಂದ ಇರುವ ಅದು ರೇಡಿಯೋ ದೂರದರ್ಶಕ, ಬಯಲಲ್ಲಿ ಹರಡಿದ ಆಂಟೆನಾಗಳ ಸಾಲು. ಕಣ್ಣಿಟ್ಟು ನೋಡುವಂಥದ್ದು ಅಲ್ಲಿ ಏನೂ ಇಲ್ಲ.

ನಿಜವಾಗಿ ಒಳ್ಳೆಯ ಜಾಗ ಅಂದರೆ ಪರಿಚಯದವರ ಹೊಲ, ಖಾಲಿ ಕಣ, ತೋಟದ ಮನೆಯ ತಾರಸಿ. ತಾರಸಿ ಸಿಕ್ಕರೆ ಎರಡು ಮಾತಿಲ್ಲದೆ ಒಪ್ಪಿಕೊಳ್ಳಿ: ಹಾವು, ಚೇಳಿನ ಚಿಂತೆಯಿಲ್ಲ, ಶೌಚಾಲಯ ಹತ್ತಿರ. ಹಗಲಲ್ಲೇ ಒಮ್ಮೆ ಹೋಗಿ ನೋಡಿ ಬನ್ನಿ. ತೆರೆದ ಬಾವಿ, ತಂತಿ ಬೇಲಿ ಎಲ್ಲಿದೆ, ಕಲ್ಲು ಕ್ವಾರಿಯ ಫ್ಲಡ್‌ಲೈಟ್ ಇದೆಯಾ, ಪಕ್ಕದ ತೋಟದಲ್ಲಿ ಸೇವಂತಿಗೆ ಇದೆಯಾ ವಿಚಾರಿಸಿ. ಸೇವಂತಿಗೆ ಯಾಕೆ ಅಂದರೆ, ಹೂ ಬಿಡುವುದನ್ನು ಮುಂದೂಡಲು ರಾತ್ರಿಯಿಡೀ ಸಾಲುಸಾಲು ಬಲ್ಬ್ ಉರಿಸುವ ರೈತರಿದ್ದಾರೆ. ಅಂಥ ತೋಟ ಅರ್ಧ ಕಿಲೋಮೀಟರ್ ಒಳಗಿದ್ದರೆ ನಿಮ್ಮ ಕತ್ತಲು ಹೋಯಿತು.

4. ಊರವರಿಗೆ ಹೇಳಿ

ಇದನ್ನು ಬಿಡಬೇಡಿ. ಮೋಟಾರ್ ಕೇಬಲ್ ಕದಿಯುವವರು, ಅಡಿಕೆ ತೆಂಗು ಕದಿಯುವವರು, ರೇಟು ಬಂದಾಗ ಟೊಮ್ಯಾಟೊ ಕದಿಯುವವರಿಂದ ಬೇಸತ್ತ ಜನ ನಮ್ಮವರು. ನಡುರಾತ್ರಿ ದೀಪ ಆರಿಸಿ ನಿಂತ ಕಾರು ಕಂಡರೆ ಅವರು ಏನೆಂದುಕೊಳ್ಳಬೇಕು? ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಮೋಟಾರ್ ಹಾಕೋಕೆ ಯಾರಾದರೂ ಬಂದೇ ಬರುತ್ತಾರೆ. ಸಂಜೆಯೇ ಹೋಗಿ "ಅಣ್ಣ, ಇವತ್ತು ರಾತ್ರಿ ಚುಕ್ಕಿ ಬೀಳೋದು ನೋಡೋಕೆ ಬಂದಿದೀವಿ, ಬೆಂಕಿ ಹಚ್ಚಲ್ಲ, ಗಲಾಟೆ ಮಾಡಲ್ಲ" ಎಂದರೆ ಸಾಕು. "ಅದ್ನ ನೋಡೋಕೆ ಅಷ್ಟು ದೂರದಿಂದ ಬಂದ್ರಾ?" ಎಂದು ನಗುತ್ತಾರೆ, ಆಮೇಲೆ ಅವರೇ ಯಾವ ಹೊಲದಲ್ಲಿ ಇರುವೆ ಕಾಟ ಇಲ್ಲ ಎಂದು ತೋರಿಸುತ್ತಾರೆ. ಕೊನೆಗೆ ಅವರ ಮಕ್ಕಳೂ ನಿಮ್ಮ ಚಾಪೆಯ ಮೇಲಿರುತ್ತಾರೆ.

ಬೆಂಕಿ ಹಚ್ಚಲ್ಲ ಎಂದ ಮೇಲೆ ಹಚ್ಚಬೇಡಿ. ಸುತ್ತ ರಾಗಿ ಬಣವೆಗಳಿರುತ್ತವೆ, ಒಂದು ಕಿಡಿ ಸಾಕು. ಬೆಂಕಿಯ ಬೆಳಕು ಕಣ್ಣನ್ನೂ ಕೆಡಿಸುತ್ತೆ.

5. ಹಾಸು, ಹೊದಿಕೆ, ತಿಂಡಿ

ಡಿಸೆಂಬರಿನ ಮಧ್ಯರಾತ್ರಿ ಇಲ್ಲಿ ಹದಿನೈದು ಡಿಗ್ರಿ ಆಸುಪಾಸು. ನಡೆದಾಡುವವನಿಗೆ ಇದು ಹಿತವಾದ ಚಳಿ, ಅಲ್ಲಾಡದೆ ಮಲಗಿದವನಿಗೆ ಹಲ್ಲು ಕಟಕಟ. ಚಳಿ ಮೇಲಿಂದ ಬರುವುದಕ್ಕಿಂತ ನೆಲದಿಂದ ಬರುತ್ತೆ. ಮೊದಲು ಟಾರ್ಪಾಲು, ಅದರ ಮೇಲೆ ಮನೆಯವರ ಒಪ್ಪಿಗೆ ಇದ್ದರೆ ಒಂದು ಹೊರೆ ರಾಗಿ ಹುಲ್ಲು, ಅದರ ಮೇಲೆ ಜಮಖಾನ. ಹೊದೆಯಲು ಉಣ್ಣೆ ಕಂಬಳಿ. ಕುರಿ ಉಣ್ಣೆಯ ಕಂಬಳಿ ಚುಚ್ಚುತ್ತೆ ಎಂದು ಮೂಗು ಮುರಿಯುವವರೂ ಎರಡು ಗಂಟೆಗೆ ಅದನ್ನೇ ಎಳೆದುಕೊಳ್ಳುತ್ತಾರೆ: ಮೇಲೆ ಇಬ್ಬನಿ ಹನಿಹನಿಯಾಗಿ ನಿಂತಿದ್ದರೂ ಒಳಗೆ ಬೆಚ್ಚಗೇ ಇರುತ್ತೆ. ಬಂಡೆಯ ಮೇಲೆ ಮಲಗುವ ಆಸೆಯಿದ್ದರೆ ನೆನಪಿಡಿ, ಎಂಟು ಗಂಟೆಗೆ ಹಗಲಿನ ಬಿಸಿ ಇಟ್ಟುಕೊಂಡಿದ್ದ ಬಂಡೆ ಹನ್ನೆರಡರ ನಂತರ ನಿಮ್ಮ ಮೈ ಬಿಸಿಯನ್ನೇ ಹೀರುತ್ತೆ.

ಮಂಕಿ ಕ್ಯಾಪ್, ಕಾಲುಚೀಲ, ತಲೆದಿಂಬು, ಸೊಳ್ಳೆಗೆ ಓಡೋಮಾಸ್, ಫ್ಲಾಸ್ಕಿನಲ್ಲಿ ಟೀ. ತಿನ್ನೋಕೆ ಹುರಿದ ಕಡಲೆಕಾಯಿ, ಉಪ್ಪು ಹಾಕಿ ಬೇಯಿಸಿದ ಅವರೆಕಾಯಿ. ಕತ್ತಲಲ್ಲಿ ಕೈಯಿಂದಲೇ ಸುಲಿದು ತಿನ್ನಬಹುದಾದ್ದು ಒಳ್ಳೆಯದು. ಮಧ್ಯಾಹ್ನ ಎರಡು ಗಂಟೆ ನಿದ್ದೆ ಮಾಡಿ ಹೊರಡಿ.

ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಎರಡು ಮೂರು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ. ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತೆ.

6. ಕಣ್ಣು ಕತ್ತಲಿಗೆ ಒಗ್ಗಲಿ

ದೀಪ ಬಿಟ್ಟು ಬಂದ ಕಣ್ಣು ಕತ್ತಲಿಗೆ ಪೂರ್ತಿ ಒಗ್ಗಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ವಾಟ್ಸ್ಆ್ಯಪ್ ತೆಗೆದರೆ ಮೊದಲಿನಿಂದ ಎಣಿಸಿ. ಗುಂಪಿನಲ್ಲಿ ಒಬ್ಬ ಫೋನ್ ತೆಗೆದರೂ ಎಲ್ಲರಿಗೂ ನಷ್ಟ, ಆದ್ದರಿಂದ ಫೋನುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಬಿಡುವುದೇ ಸರಿ. ಕಾರಿನ ಬಾಗಿಲು ತೆಗೆದರೆ ಒಳಗಿನ ದೀಪ ಹತ್ತುತ್ತೆ, ಅದನ್ನೂ ಮೊದಲೇ ಆಫ್ ಮಾಡಿ.

ನಿಮ್ಮ ಜಾಗ ಎಷ್ಟು ಕತ್ತಲು ಎಂದು ಅಳೆಯುವ ಸುಲಭ ಉಪಾಯ ಕೃತ್ತಿಕೆ. ರಾತ್ರಿ ಒಂಬತ್ತರಿಂದ ಹತ್ತರ ನಡುವೆ ಅದು ಹೆಚ್ಚುಕಡಿಮೆ ತಲೆಯ ಮೇಲೆ, ಸಣ್ಣ ಗೊಂಚಲು. ಮಂಜು ಮಂಜಾಗಿ ಕಂಡು ಎಣಿಸಲು ಆಗದಿದ್ದರೆ ಇನ್ನೂ ಊರ ಬೆಳಕಿನಲ್ಲೇ ಇದ್ದೀರಿ. ಆರು ಬಿಡಿಬಿಡಿಯಾಗಿ ಕಂಡರೆ ಜಾಗ ಪರವಾಗಿಲ್ಲ. ಏಳು, ಎಂಟು ಎಣಿಸಿದರೆ ಅಲ್ಲಿಂದ ಕದಲಬೇಡಿ.

ಈ ಅಳತೆ ಯಾಕೆ ಮುಖ್ಯವೆಂದರೆ, ಪತ್ರಿಕೆಯಲ್ಲಿ ಬರುವ "ಗಂಟೆಗೆ 120ರಿಂದ 150" ಎಂಬ ಲೆಕ್ಕ ಉಲ್ಕೆಗಳ ಮೂಲಬಿಂದು ನೆತ್ತಿಯ ಮೇಲೇ ಇದ್ದು, ಕಣ್ಣಿಗೆ 6.5 ದರ್ಜೆಯ (ದರ್ಜೆಯ ಸಂಖ್ಯೆ ಹೆಚ್ಚಿದಷ್ಟೂ ನಕ್ಷತ್ರ ಮಸುಕು) ನಕ್ಷತ್ರವೂ ಕಾಣುವ ಆಕಾಶಕ್ಕೆ ಹೇಳಿದ್ದು. ಕಾಣುವ ದರ್ಜೆ ಒಂದು ಮೆಟ್ಟಿಲು ಇಳಿದರೆ ಜೆಮಿನಿಡ್ಸ್ ಎಣಿಕೆ ಸುಮಾರು ಎರಡೂವರೆ ಪಟ್ಟು ಇಳಿಯುತ್ತೆ. ಒಳ್ಳೆಯ ಹಳ್ಳಿ ಬಯಲಲ್ಲಿ ನಡುರಾತ್ರಿಯ ನಂತರ ಗಂಟೆಗೆ ನಲವತ್ತು ಐವತ್ತು ಸಿಕ್ಕರೆ ಖುಷಿಪಡಿ. ತುಮಕೂರಿನ ಬಡಾವಣೆಯೊಂದರ ತಾರಸಿಯಿಂದ ಹತ್ತು ಕಂಡರೆ ಅದೇ ಹೆಚ್ಚು.

7. ಪುನರ್ವಸು ಹುಡುಕಿ, ಆಮೇಲೆ ಅದನ್ನು ನೋಡಬೇಡಿ

ಪೂರ್ವಕ್ಕೆ ತಿರುಗಿ. ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ಮೂರು ನಕ್ಷತ್ರ ಕಾಣುತ್ತವೆ, ಅದು ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜದ) ನಡುಪಟ್ಟಿ. ಪಟ್ಟಿಯ ಬಲಕ್ಕೆ ನೀಲಿ-ಬಿಳಿ ಹೊಳಪಿನ ರೈಜೆಲ್, ಎಡಕ್ಕೆ ಕೆಂಪು ಛಾಯೆಯ ಆರಿದ್ರಾ. ರೈಜೆಲ್‌ನಿಂದ ಆರಿದ್ರಾಗೆ ಗೆರೆ ಎಳೆದು ಹಾಗೇ ಎಡಕ್ಕೆ, ಈಶಾನ್ಯದ ಕಡೆ ಮುಂದುವರಿಸಿದರೆ ಜೊತೆಜೊತೆಗೆ ಎರಡು ನಕ್ಷತ್ರ ಸಿಗುತ್ತವೆ: ಕ್ಯಾಸ್ಟರ್, ಪೊಲಕ್ಸ್. ಇವೇ ಪುನರ್ವಸು. ಎರಡರಲ್ಲಿ ಮೊದಲು ಹುಟ್ಟುವ ಕ್ಯಾಸ್ಟರ್ ಪಕ್ಕದಿಂದ ಜೆಮಿನಿಡ್ಸ್ ಹೊರಟ ಹಾಗೆ ಕಾಣುತ್ತೆ.

ಮಳೆ ನಕ್ಷತ್ರಗಳನ್ನು ಬಾಯಿಪಾಠವಾಗಿ ಬಲ್ಲ ಹಿರಿಯರು ಜೊತೆಗಿದ್ದರೆ ಇಲ್ಲೊಂದು ಪ್ರಶ್ನೆ ಕೇಳುತ್ತಾರೆ: ಪುನರ್ವಸು ಮಳೆ ಜುಲೈಯಲ್ಲಲ್ಲವಾ? ಹೌದು. ಜುಲೈ ಮೊದಲರ್ಧದಲ್ಲಿ ಸೂರ್ಯ ಪುನರ್ವಸುವಿನಲ್ಲಿರುತ್ತಾನೆ, ಆ ನಕ್ಷತ್ರ ಹಗಲಿನ ಜೊತೆ ಹುಟ್ಟಿ ಮುಳುಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಆರು ತಿಂಗಳಾಚೆ ಸೂರ್ಯ ಆಕಾಶದ ಎದುರು ಬದಿಗೆ ಹೋಗಿರುತ್ತಾನೆ, ಪುನರ್ವಸು ರಾತ್ರಿಯಿಡೀ ಮೇಲಿರುತ್ತೆ. ಜೆಮಿನಿಡ್ಸ್ ಸಂಜೆಯಿಂದ ಬೆಳಗಿನವರೆಗೆ ಸಿಗುವುದು ಇದಕ್ಕೇ.

ಹೊತ್ತಿನ ಲೆಕ್ಕ ನಮ್ಮ ಅಕ್ಷಾಂಶಕ್ಕೆ ಹೀಗೆ. ಏಳೂ ಮುಕ್ಕಾಲರ ಸುಮಾರಿಗೆ ಮೂಲಬಿಂದು ಈಶಾನ್ಯ ದಿಗಂತಕ್ಕೆ ಬರುತ್ತೆ. ಹತ್ತಕ್ಕೆ ಸುಮಾರು 30 ಡಿಗ್ರಿ ಮೇಲೆ, ಅಂದರೆ ಕೈ ನೀಳವಾಗಿ ಚಾಚಿ ಮುಷ್ಟಿ ಮೇಲೆ ಮುಷ್ಟಿ ಇಟ್ಟರೆ ಮೂರು ಮುಷ್ಟಿ. ಹನ್ನೆರಡಕ್ಕೆ 50 ಡಿಗ್ರಿ ದಾಟಿರುತ್ತೆ. ಬೆಳಗಿನ ಜಾವ ಎರಡೂಕಾಲರ ಹೊತ್ತಿಗೆ 70 ಡಿಗ್ರಿ, ಅದೇ ತುತ್ತತುದಿ. ಒಂದೇ ಪಾಳಿ ನೋಡಲು ಆಗುವುದಾದರೆ ಹನ್ನೆರಡರಿಂದ ಮೂರು.

ಹಾಗೆಂದು ಸಂಜೆಯನ್ನು ಬಿಡಬೇಡಿ. ಮೂಲಬಿಂದು ಇನ್ನೂ ತಗ್ಗಿನಲ್ಲಿರುವಾಗ ಬರುವ ಉಲ್ಕೆಗಳು ಗಾಳಿಯನ್ನು ಸವರಿಕೊಂಡು ಹೋಗುತ್ತವೆ. ಎಣಿಕೆ ಕಡಿಮೆ, ಆದರೆ ಒಂದೊಂದು ಅರ್ಧ ಆಕಾಶ ದಾಟುವಷ್ಟು ಉದ್ದ. ನನ್ನ ಮಟ್ಟಿಗೆ ಇಡೀ ರಾತ್ರಿಯಲ್ಲಿ ನೋಡಲೇಬೇಕಾದದ್ದು ಇವೇ.

ಕ್ಯಾಸ್ಟರನ್ನೇ ದಿಟ್ಟಿಸಬೇಡಿ. ಅದರ ಹತ್ತಿರ ಹುಟ್ಟುವ ಉಲ್ಕೆ ನಿಮ್ಮ ಕಡೆಗೇ ಬರುತ್ತಿರುತ್ತೆ, ಚಿಕ್ಕ ಚುಕ್ಕಿಯಾಗಿ ಮಿಂಚಿ ಮುಗಿಯುತ್ತೆ. ಅಲ್ಲಿಂದ ನಾಲ್ಕೈದು ಮುಷ್ಟಿ ಆಚೆ, ಯಾವ ಕಡೆ ಹೆಚ್ಚು ಕಪ್ಪಗಿದೆಯೋ ಆ ಕಡೆ, ದಿಗಂತಕ್ಕಿಂತ ನೆತ್ತಿಗೆ ಹತ್ತಿರ ಕಣ್ಣು ನೆಡಿ. ಉತ್ತರಕ್ಕೆ ಕಾಲು ಚಾಚಿ ಮಲಗಿದರೆ ಮೂರೂ ಜಿಲ್ಲೆಗೆ ಸರಿಹೋಗುತ್ತೆ. ಉತ್ತರಕ್ಕೆ ತಲೆ ಹಾಕಬಾರದು ಅನ್ನೋ ಅಜ್ಜಿಯೂ ಖುಷಿ.

8. ಕಂಡದ್ದೆಲ್ಲ ಉಲ್ಕೆಯಲ್ಲ

ಚಿಕ್ಕಬಳ್ಳಾಪುರದ ಮೇಲೆ ವಿಮಾನ ಜಾಸ್ತಿ: ಮಿಣಮಿಣ ದೀಪ, ನಿಮಿಷಗಟ್ಟಲೆ ಓಡಾಟ. ಮಿಣುಕದೆ ಒಂದೇ ಸಮ ಸಾಗುವುದು ಉಪಗ್ರಹ. ಸಂಜೆ ಸಾಲಾಗಿ ಹೋಗುವ ಚುಕ್ಕಿಗಳು ಸ್ಟಾರ್‌ಲಿಂಕ್. ಉಲ್ಕೆ ಒಂದು ಸೆಕೆಂಡು, ಹೆಚ್ಚೆಂದರೆ ಎರಡು ಮೂರು.

ಉಲ್ಕೆ ಕಂಡಾಗ ಅದರ ಗೆರೆಯನ್ನು ಮನಸ್ಸಿನಲ್ಲೇ ಹಿಂದಕ್ಕೆ ಎಳೆಯಿರಿ. ಪುನರ್ವಸು ಮುಟ್ಟಿದರೆ ಜೆಮಿನಿಡ್. ಬೇರೆಲ್ಲೋ ಹೋದರೆ ಬಿಡಿ ಉಲ್ಕೆ, ವರ್ಷದ ಯಾವ ರಾತ್ರಿಯಲ್ಲೂ ಗಂಟೆಗೆ ನಾಲ್ಕಾರು ಬೀಳುವಂಥದ್ದು. ಎಣಿಸುವ ಹವ್ಯಾಸವಿದ್ದರೆ ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ: ಶುರುಮಾಡಿದ ಸಮಯ, ಮುಗಿಸಿದ ಸಮಯ, ನಡುವೆ ಟೀ ಕುಡಿಯಲು ಎದ್ದ ನಿಮಿಷಗಳನ್ನು ಕಳೆದದ್ದು. ಒಬ್ಬೊಬ್ಬರ ಎಣಿಕೆ ಬೇರೆ ಬೇರೆ ಇರಬೇಕು, ಗುಂಪಿನ ಎಣಿಕೆ ಕೂಡಿಸಬಾರದು. ಅಂತರರಾಷ್ಟ್ರೀಯ ಉಲ್ಕಾ ಸಂಘಟನೆ ಇಂಥ ಹವ್ಯಾಸಿಗಳ ಎಣಿಕೆಯನ್ನು ತನ್ನ ಜಾಲತಾಣದಲ್ಲಿ ಪಡೆದುಕೊಳ್ಳುತ್ತೆ.

ಉಲ್ಕೆ ಬಿಡುವು ಕೊಟ್ಟಾಗ ದಕ್ಷಿಣಕ್ಕೆ ನೋಡಿ. ರಾತ್ರಿ ಆಕಾಶದ ಅತಿ ಹೊಳೆಯುವ ನಕ್ಷತ್ರ ಲುಬ್ಧಕನ (ಸಿರಿಯಸ್) ಕೆಳಗೆ, ನಡುರಾತ್ರಿ ಕಳೆದ ಮೇಲೆ ಎರಡೂವರೆ ಮುಷ್ಟಿ ಎತ್ತರದಲ್ಲಿ ಅಗಸ್ತ್ಯ ಹೊಳೆಯುತ್ತಿರುತ್ತೆ. ದೆಹಲಿಯವರಿಗೆ ದಿಗಂತದ ಧೂಳಲ್ಲಿ ಸಿಕ್ಕಿಹಾಕಿಕೊಳ್ಳುವ ನಕ್ಷತ್ರ ಅದು.

9. ಫೋಟೋ ಬೇಕೇ ಬೇಕು ಎನ್ನುವವರಿಗೆ

ಕ್ಯಾಮೆರಾ ಟ್ರೈಪಾಡಿನ ಮೇಲೆ, ಅಗಲ ಲೆನ್ಸು, ಎಫ್ 2.8, ಐಎಸ್ಒ 1600ರಿಂದ 3200, ಹದಿನೈದು ಇಪ್ಪತ್ತು ಸೆಕೆಂಡು. ಒಂದು ಹೊಳೆಯುವ ನಕ್ಷತ್ರದ ಮೇಲೆ ಕೈಯಿಂದ ಫೋಕಸ್ ಮಾಡಿ, ತಾನಾಗಿ ಒಂದರ ಹಿಂದೆ ಒಂದು ತೆಗೆಯುವಂತೆ ಬಿಟ್ಟು ನೀವು ಹೋಗಿ ಮಲಗಿ. ಅರ್ಧ ಗಂಟೆಗೊಮ್ಮೆ ಲೆನ್ಸಿನ ಇಬ್ಬನಿ ಒರೆಸಿ. ಪರದೆಯ ಬೆಳಕು ತೀರಾ ಕಡಿಮೆ ಇರಲಿ. ನೂರಾರು ಫೋಟೋದಲ್ಲಿ ನಾಲ್ಕೈದರಲ್ಲಿ ಗೆರೆ ಸಿಗಬಹುದು.

10. ಮೋಡ ಬಂದರೆ

ಡಿಸೆಂಬರಿನಲ್ಲಿ ನಮಗೆ ಅಡ್ಡಿಯೆಂದರೆ ಬಂಗಾಳಕೊಲ್ಲಿ. ಚೆನ್ನೈ ಕಡೆ ವಾಯುಭಾರ ಕುಸಿತವಾದರೆ ಮೊದಲು ಕೋಲಾರ, ಆಮೇಲೆ ಚಿಕ್ಕಬಳ್ಳಾಪುರಕ್ಕೆ ಮೋಡ ಕವಿಯುತ್ತೆ. ಪಾವಗಡ, ಶಿರಾ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತವೆ. ಹೊರಡುವ ಮುನ್ನ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಉಪಗ್ರಹದ ಇನ್ಫ್ರಾರೆಡ್ ಚಿತ್ರ ನೋಡಿ, ಅದರಲ್ಲಿ ರಾತ್ರಿಯೂ ಮೋಡ ಕಾಣುತ್ತೆ. ಆಕಾಶ ತಿಳಿಯಾಗಿದ್ದರೂ ಕೆರೆ ಅಂಗಳದ ಪಕ್ಕ ಬೆಳಗಿನ ಜಾವ ಮಂಜು ಎದ್ದು ಎಲ್ಲ ಮುಚ್ಚಬಹುದು, ಕೆರೆಗಿಂತ ಎತ್ತರದ ದಿಣ್ಣೆ ನೋಡಿಕೊಳ್ಳಿ.

13ರ ರಾತ್ರಿ ಮೋಡವಿದ್ದರೆ 14, ಮುನ್ಸೂಚನೆ ಕೆಟ್ಟದಿದ್ದರೆ 12ಕ್ಕೇ ಹೋಗಿ. ಜೆಮಿನಿಡ್ಸ್ ನಿಧಾನವಾಗಿ ಏರುತ್ತೆ, ತುದಿ ಮುಟ್ಟಿದ ಮೇಲೆ ಬೇಗ ಇಳಿಯುತ್ತೆ. 15 ದಾಟಿದರೆ ಏನೂ ಉಳಿದಿರುವುದಿಲ್ಲ. ವಾಪಸ್ ಬರುವಾಗ ನಿದ್ದೆಗಣ್ಣಲ್ಲಿ ಗಾಡಿ ಓಡಿಸಬೇಡಿ, ಬೆಳಕು ಹರಿಯುವವರೆಗೆ ಅಲ್ಲೇ ಮಲಗಿ.

2027ರಲ್ಲಿ ಡಿಸೆಂಬರ್ 13ಕ್ಕೇ ಹುಣ್ಣಿಮೆ, ಆ ವರ್ಷದ ಜೆಮಿನಿಡ್ಸ್ ಕೈಬಿಟ್ಟ ಹಾಗೆ. ಬದಲಿಗೆ ಅದೇ ವರ್ಷದ ಮೇ 6ರ ಬೆಳಗಿನ ಜಾವ ಮೂರಕ್ಕೆ ಅಲಾರಂ ಇಡಿ. ಹ್ಯಾಲಿ ಧೂಮಕೇತುವಿನ ಧೂಳಿನಿಂದಾಗುವ ಈಟಾ ಅಕ್ವೇರಿಯಡ್ಸ್ ಆಗ ತುದಿಯಲ್ಲಿರುತ್ತೆ, ಅವತ್ತೇ ಅಮಾವಾಸ್ಯೆ. ಅದು ಪೂರ್ವಕ್ಕೆ, ಕುಂಭರಾಶಿಯ ಕಡೆಯಿಂದ ಬರುವಂಥದ್ದು. ಮೂರರಿಂದ ನಾಲ್ಕೂವರೆಯವರೆಗೆ ಸಮಯ. ಬೇಸಿಗೆಯಾದ್ದರಿಂದ ಕಂಬಳಿ ಮನೆಯಲ್ಲೇ ಬಿಡಬಹುದು, ಸೊಳ್ಳೆ ಬತ್ತಿ ಮರೆಯಬೇಡಿ.